ಕಣ್ಣಿಗೆ ಇಂಜೆಕ್ಷನ್ ಬದಲು ಪೆಪ್ಟೈಡ್ ಹನಿ: ಕಾಯಬಹುದೇ?

ನಿಮ್ಮ ತಾಯಿಯವರಿಗೆ ಸಕ್ಕರೆ ಕಾಯಿಲೆಯಿಂದ ರೆಟಿನಾ (ಕಣ್ಣಿನ ಹಿಂಭಾಗದ, ಬೆಳಕು ಗ್ರಹಿಸುವ ಪದರ) ಊದಿಕೊಂಡಿದೆ, ತಿಂಗಳಿಗೊಮ್ಮೆ ಕಣ್ಣಿಗೆ ಇಂಜೆಕ್ಷನ್ ಆಗುತ್ತಿದೆ. ಕೋಶದೊಳಗೆ ನುಗ್ಗುವ ಪೆಪ್ಟೈಡ್‌ಗಳನ್ನು (ಪ್ರೋಟೀನಿನ ಪುಟ್ಟ ತುಂಡುಗಳನ್ನು) ಬೆರೆಸಿದ ಹನಿ ಬಂದರೆ ಸೂಜಿಯೇ ಬೇಡ ಎಂದು ಎಲ್ಲೋ ಓದಿದ್ದೀರಿ. ಅಲ್ಲಿಯವರೆಗೆ ಇಂಜೆಕ್ಷನ್ ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ನಿಲ್ಲಿಸಬೇಡಿ. ಏಕೆಂದು ಹೇಳುತ್ತೇನೆ.

ಎಂ.ಫಾರ್ಮ್ ಓದುವಾಗ ನನ್ನ ಪ್ರಾಜೆಕ್ಟ್ ಇದೇ ಆಗಿತ್ತು. ಬೆಳಿಗ್ಗೆ ಆರಕ್ಕೆ ಮಟನ್ ಅಂಗಡಿಯ ಮುಂದೆ ಥರ್ಮಾಸ್ ಹಿಡಿದು ನಿಲ್ಲುತ್ತಿದ್ದೆ. ತಲೆಮಾಂಸ ಕೊಳ್ಳಲು ಬಂದವರ ನಡುವೆ ನನಗೆ ಮಾತ್ರ ಆಡಿನ ಕಣ್ಣು ಬೇಕು. ತಣ್ಣನೆಯ ಸಲೈನ್‌ನಲ್ಲಿ ಮುಳುಗಿಸಿ ತಂದು, ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಬಿಡಿಸಿ, ಎರಡು ಗಾಜಿನ ಕೋಣೆಗಳ ನಡುವೆ ಪರದೆಯಂತೆ ಬಿಗಿದು, ಮೇಲಿನಿಂದ ಹಾಕಿದ ಔಷಧ ಕೆಳಗೆ ಎಷ್ಟು ಇಳಿಯಿತೆಂದು ಅಳೆಯುವುದು ಕೆಲಸ. ಒಂದು ದಿನ ಹಸಿರಾಗಿ ಹೊಳೆಯುವ ಬಣ್ಣ ಅಂಟಿಸಿದ ಪೆಪ್ಟೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ನ್ಯೂಕ್ಲಿಯಸ್‌ವರೆಗೂ ಹಸಿರು! ಕುಣಿದಾಡಿದೆ. ಮೇಷ್ಟ್ರು ಕೇಳಿದ್ದು ಒಂದೇ ಮಾತು: "ಫಾರ್ಮಲಿನ್‌ನಲ್ಲಿ ಹಾಕಿದ ಮೇಲೆ ನೋಡಿದೆಯಾ?" ಹೌದು. ಕೋಶವನ್ನು ಹಾಗೆ ಗಟ್ಟಿಗೊಳಿಸುವಾಗ ಹೊರಗೆ ಅಂಟಿಕೊಂಡಿದ್ದ ಪೆಪ್ಟೈಡ್ ತಾನಾಗಿ ಒಳಗೆ ಸೋರುತ್ತದೆ. ಈ ಕ್ಷೇತ್ರದ ಎಷ್ಟೋ ಹಳೆಯ ಫಲಿತಾಂಶಗಳು ಹೀಗೇ ಮೋಸ ಮಾಡಿದ್ದವೆಂದು 2003ರಲ್ಲೇ ಪ್ರಕಟವಾಗಿತ್ತು. ಗಟ್ಟಿಗೊಳಿಸದೆ ಮತ್ತೆ ನೋಡಿದೆ. ಹಸಿರೆಲ್ಲ ಮೇಲ್ಪದರದಲ್ಲೇ ಕುಳಿತಿತ್ತು.

ಈ ಪೆಪ್ಟೈಡ್‌ಗಳ ಮೂಲ ಸ್ವಾರಸ್ಯಕರ. ಎಚ್‌ಐವಿ ವೈರಸ್ಸಿನ ಟ್ಯಾಟ್ ಎಂಬ ಪ್ರೋಟೀನ್ ತಾನಾಗಿಯೇ ಕೋಶದೊಳಗೆ ಹೋಗುತ್ತದೆಂದು 1988ರಲ್ಲಿ ತಿಳಿಯಿತು. ಅದರ ಒಂದು ಚಿಕ್ಕ ತುಂಡೇ ಸಾಕಾಗುತ್ತದೆ. ಪೆನೆಟ್ರಾಟಿನ್ ಎಂಬ ಇನ್ನೊಂದು, 16 ಅಮೈನೋ ಆಮ್ಲಗಳದ್ದು, ಹಣ್ಣಿನ ನೊಣದ ಪ್ರೋಟೀನಿನಿಂದ ಬಂದದ್ದು. ಹೆಚ್ಚಿನವುಗಳ ಮೈಮೇಲೆ ಧನ ವಿದ್ಯುದಂಶ. ಕೋಶದ ಹೊರಮೈ ಋಣ. ಅಂಟಿಕೊಳ್ಳುತ್ತವೆ, ಕೋಶ ಅವನ್ನು ಒಂದು ಪುಟ್ಟ ಚೀಲದಲ್ಲಿ ನುಂಗುತ್ತದೆ. ಬಹುಪಾಲು ಆ ಚೀಲದಲ್ಲೇ ಸಿಕ್ಕಿಬಿದ್ದು ಜೀರ್ಣವಾಗುತ್ತವೆ.

ಈಗ ಕಣ್ಣಿಗೆ ಬನ್ನಿ. ಹನಿ ಬಿಟ್ಟ ಸ್ವಲ್ಪ ಹೊತ್ತಿಗೆ ಗಂಟಲು ಕಹಿಯಾಗುವುದಿಲ್ಲವೇ? ಔಷಧ ಕಣ್ಣೀರಿನ ನಾಳದಿಂದ ಮೂಗಿಗೆ, ಅಲ್ಲಿಂದ ಗಂಟಲಿಗೆ ಇಳಿದುಹೋದ ಗುರುತು ಅದು. ಸಾಮಾನ್ಯ ಹನಿಯಲ್ಲೂ ಕಣ್ಣಿನೊಳಗೆ ಸೇರುವುದು ಶೇಕಡಾ 5ಕ್ಕಿಂತ ಕಡಿಮೆ. ಗ್ಲಾಕೋಮಾಕ್ಕೆ ಬಿಡುವ ಟಿಮೊಲಾಲ್‌ನ ಅಣುತೂಕ ಸುಮಾರು 316 ಡಾಲ್ಟನ್. ರೆಟಿನಾ ಊತಕ್ಕೆ ಚುಚ್ಚುವ ಬೆವಾಸಿಜುಮ್ಯಾಬ್‌ನದು ಸುಮಾರು 1,49,000. ಇಷ್ಟು ದಪ್ಪದ್ದನ್ನು ಪೆಪ್ಟೈಡ್ ಕಾರ್ನಿಯಾ ದಾಟಿಸಬೇಕು.

ಅಷ್ಟೇ ಆಗಿದ್ದರೆ ಸರಿ. ಆದರೆ ಈ ಔಷಧ ಹಿಡಿಯಬೇಕಾದ ವಿಇಜಿಎಫ್ (ರಕ್ತನಾಳಗಳು ಸೋರುವಂತೆ ಮಾಡುವ ಪ್ರೋಟೀನ್) ಇರುವುದು ಕೋಶಗಳ ಹೊರಗೆ. ಅಂದರೆ ದಾರಿಯಲ್ಲಿ ಕೋಶದ ಒಳಹೊಕ್ಕದ್ದು ಇನ್ನೊಂದು ಬದಿಯಿಂದ ಕೆಡದೆ ಹೊರಬರಬೇಕು. ಆಮೇಲೂ ದೂರವಿದೆ: ಕಣ್ಣಿನೊಳಗಿನ ಲೋಳೆಯಲ್ಲಿ ಋಣ ವಿದ್ಯುದಂಶದ ಹೈಲುರಾನಿಕ್ ಆಮ್ಲದ ಬಲೆಯಿದೆ. ಕೋಶಕ್ಕೆ ಅಂಟಲು ನೆರವಾದ ಗುಣವೇ ಇಲ್ಲಿ ಕಾಲು ಹಿಡಿದು ನಿಲ್ಲಿಸುತ್ತದೆ.

ನೀವು ಓದಿದ್ದು ಬಹುಶಃ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ 2017ರ ಕೆಲಸ. ಆರು ಆರ್ಜಿನಿನ್ ಅಮೈನೋ ಆಮ್ಲಗಳ ಪೆಪ್ಟೈಡ್ ಜೊತೆ ಇದೇ ಔಷಧವನ್ನು ಹನಿಯಾಗಿ ಬಿಟ್ಟಾಗ ಇಲಿಗಳಲ್ಲಿ ಇಂಜೆಕ್ಷನ್‌ಗೆ ಸಮನಾದ ಪರಿಣಾಮ ಕಂಡಿತು. ಹಂದಿಯ ಕಣ್ಣಿನಲ್ಲೂ ಔಷಧ ಹಿಂಭಾಗ ತಲುಪಿತು. ಒಳ್ಳೆಯ ಕೆಲಸವೇ, ನಾನು ತಳ್ಳಿಹಾಕುವುದಿಲ್ಲ. ಆದರೆ ಚಿಟ್ಟಿಲಿಯ ಕಣ್ಣು ಸುಮಾರು 3 ಮಿಲಿಮೀಟರ್, ಅದರಲ್ಲೂ ಹೆಚ್ಚಿನ ಜಾಗ ಲೆನ್ಸ್‌ನದೇ. ನಿಮ್ಮ ತಾಯಿಯವರ ಕಣ್ಣು ಸುಮಾರು 24. ಮನುಷ್ಯರಲ್ಲಿ ಪರೀಕ್ಷೆಯಾದ ಎಕ್ಸ್‌ಜಿ-102 ಎಂಬ ಔಷಧವೊಂದಿದೆ, ಟ್ಯಾಟ್ ತುಂಡು ಜೋಡಿಸಿದ್ದು, ಶಸ್ತ್ರಚಿಕಿತ್ಸೆಯ ನಂತರದ ಉರಿಯೂತಕ್ಕೆ. ತಮಾಷೆಯೆಂದರೆ, ಅದನ್ನು ಕೊಟ್ಟದ್ದೂ ಸೂಜಿಯಿಂದಲೇ, ಕಣ್ಣಿನ ಬಿಳಿಭಾಗದ ಪೊರೆಯ ಕೆಳಗೆ.

ನನಗೆ ನಿಜವಾಗಿ ಆಸೆಯಿರುವುದು ಕಣ್ಣಿನ ಮುಂಭಾಗದ ಕಾಯಿಲೆಗಳಲ್ಲಿ. ಒಕ್ಕಣೆಯಲ್ಲಿ ಭತ್ತದ ಹೊಟ್ಟು ಹಾರಿ, ಕಬ್ಬಿನ ಗರಿ ತಾಗಿ ನಮ್ಮ ರೈತರ ಕಾರ್ನಿಯಾದಲ್ಲಿ ಶಿಲೀಂಧ್ರದ ಹುಣ್ಣಾಗುತ್ತದೆ. ಅದಕ್ಕೆ ಬಿಡುವ ನಟಮೈಸಿನ್ ಆಳಕ್ಕೆ ಇಳಿಯುವುದೇ ಕಷ್ಟ. ದೆಹಲಿಯ ಐಐಟಿಯವರು 2015ರಲ್ಲಿ ಟ್ಯಾಟ್ ಪೆಪ್ಟೈಡನ್ನು ಅದಕ್ಕೆ ಜೋಡಿಸಿ ತೋರಿಸಿದ್ದಾರೆ. ಔಷಧ ಚಿಕ್ಕದು, ಸಾಗಬೇಕಾದ ದೂರ ಅರ್ಧ ಮಿಲಿಮೀಟರ್. ಇಲ್ಲಿ ಲೆಕ್ಕ ಕೂಡಿಬರುತ್ತದೆ.

ತಾಯಿಯವರ ವಿಷಯದಲ್ಲಿ ಮುಂದಿನ ಭೇಟಿಗೆ ವೈದ್ಯರನ್ನು ಇದೊಂದು ಕೇಳಿ: ಊತ ಇಳಿದಿದ್ದರೆ ನಾಲ್ಕು ವಾರದ ಅಂತರವನ್ನು ಆರಕ್ಕೆ, ಎಂಟಕ್ಕೆ ಹಿಗ್ಗಿಸಬಹುದೇ? ಸ್ಕ್ಯಾನ್ ನೋಡಿ ಹಾಗೆ ಮಾಡುವ ಕ್ರಮ ಈಗಾಗಲೇ ಇದೆ. ಅವರ ಸೂಜಿಗಳ ಸಂಖ್ಯೆ ಈ ವರ್ಷವೇ ಕಡಿಮೆಯಾದರೆ ಆ ದಾರಿಯಿಂದ ಆಗಬಹುದು.