ಅಳುವ ಹುಡುಗ ಸಾಹಸಿ ಆಗಬಾರದೇ?

ನಮಸ್ಕಾರ. ಹೋದ ಸಂಚಿಕೆಯ ಕಾಡಿನ ಕಥೆಯ ಬಗ್ಗೆ ನೀವು ಬರೆದ ಪತ್ರ ತಲುಪಿತು. ದಾರಿ ತಪ್ಪಿದ ಹುಡುಗ ಎರಡು ಪುಟ ಪೂರ್ತಿ ಅಳುತ್ತಾನೆ, ಇಂಥ ಅಳುಬುರುಕನಿಂದ ಮಕ್ಕಳು ಏನು ಧೈರ್ಯ ಕಲಿತಾರು ಎಂದು ಕೇಳಿದ್ದೀರಿ. ನಿಮ್ಮ ಮಗ ಅರ್ಧಕ್ಕೇ ಓದು ಬಿಟ್ಟು ಎದ್ದುಹೋದ ಎಂದೂ ಬರೆದಿದ್ದೀರಿ.

ಎರಡು ಪುಟ ಜಾಸ್ತಿಯೇ ಆಯಿತು. ನಾನು ಕತ್ತರಿ ಹಾಕಬೇಕಿತ್ತು. ಆದರೆ ಅಳುವೇ ಬೇಡ ಎಂದರೆ ಒಪ್ಪಲಾರೆ.

1883ರಲ್ಲಿ ಪುಸ್ತಕವಾಗಿ ಬಂದ ‘ಟ್ರೆಷರ್ ಐಲ್ಯಾಂಡ್’ ಕಾದಂಬರಿ ನೆನಪಿಸಿಕೊಳ್ಳಿ. ಹಡಗಿನ ಸೇಬಿನ ಪೀಪಾಯಿಯೊಳಗೆ ಕೂತ ಹುಡುಗ ಜಿಮ್ ಕಿವಿಗೆ ಕಡಲ್ಗಳ್ಳರ ಸಂಚು ಬೀಳುತ್ತದೆ. ಹಾರಿ ಓಡೋಣ ಅಂದರೆ ಕೈಕಾಲಲ್ಲಿ ಬಲವೇ ಇಲ್ಲ. ಹಾಗಂತ ಅವನೇ ಹೇಳಿಕೊಳ್ಳುತ್ತಾನೆ. ನಡುಗುತ್ತಲೇ ಎಲ್ಲ ಕೇಳಿಸಿಕೊಂಡು, ಆಮೇಲೆ ಹೋಗಿ ಹಡಗಿನಲ್ಲಿ ಜೊತೆಗಿದ್ದ ಡಾಕ್ಟರಿಗೆ ತಿಳಿಸುತ್ತಾನೆ. ಆ ಜಾಗದಲ್ಲಿ ಅಷ್ಟೇ ಅವನ ಸಾಹಸ.

1876ರ ಕಾದಂಬರಿಯ ಹುಡುಗ ಟಾಮ್ ಸಾಯರ್ ನನಗೆ ಇನ್ನೂ ಇಷ್ಟ. ಗುಹೆಯಲ್ಲಿ ದಾರಿ ತಪ್ಪಿದ್ದಕ್ಕೆ ಕಾರಣ ಅವನೇ. ಬಾವಲಿಗಳಿಂದ ತಪ್ಪಿಸಿಕೊಳ್ಳುವ ಗಡಿಬಿಡಿಯಲ್ಲಿ ಬಂದ ದಾರಿಗೆ ಗುರುತು ಹಾಕಿರುವುದಿಲ್ಲ. ಜೊತೆಗಿದ್ದ ಗೆಳತಿ ಬೆಕಿ ಬಿಕ್ಕಿ ಬಿಕ್ಕಿ ಅಳುತ್ತಾಳೆ, ಇವನು ತನ್ನನ್ನೇ ಬೈದುಕೊಳ್ಳುತ್ತಾನೆ. ಆಮೇಲೆ ಏನು ಮಾಡುತ್ತಾನೆ ನೋಡಿ. ಬೆಳಕು ಹೆಚ್ಚು ಹೊತ್ತು ಬರಲಿ ಎಂದು ಬೆಕಿಯ ಮೇಣದಬತ್ತಿ ಆರಿಸುತ್ತಾನೆ. ಕುಡಿಯಲು ನೀರಿರುವ ಜಾಗದಲ್ಲೇ ಅವಳನ್ನು ಕೂರಿಸುತ್ತಾನೆ. ಜೇಬಿನಲ್ಲಿದ್ದ ಗಾಳಿಪಟದ ದಾರದ ಒಂದು ತುದಿ ಕಲ್ಲಿಗೆ ಕಟ್ಟಿ, ದಾರ ಬಿಚ್ಚಿಕೊಳ್ಳುತ್ತ ಕತ್ತಲಲ್ಲಿ ಒಂದೊಂದೇ ಓಣಿ ಹುಡುಕುತ್ತಾನೆ. ಒಂದು ಸಲವಂತೂ ಎದುರಿಗೆ ಕಂಡವನು ಕೊಲೆಗಾರ! ವಾಪಸ್ ಬಂದವನು ಮತ್ತೆ ಹೋಗುತ್ತಾನೆ. ಮೂರನೇ ಓಣಿಯಲ್ಲಿ ದಾರ ಮುಗಿದು, ಇನ್ನೇನು ಹಿಂದಿರುಗಬೇಕು ಎನ್ನುವಾಗ ದೂರದಲ್ಲಿ ಒಂದು ಬೆಳಕಿನ ಚುಕ್ಕೆ. ದಾರ ಅಲ್ಲೇ ಬಿಟ್ಟು, ತಡವರಿಸುತ್ತ ಹೋಗಿ ಕಿಂಡಿಯಲ್ಲಿ ತಲೆ ತೂರಿಸಿದರೆ ಮುಂದೆ ಮಿಸಿಸಿಪಿ ನದಿ. ಈ ಜಾಗ ಎಷ್ಟು ಸಲ ಓದಿದರೂ ನನಗೆ ಉಸಿರು ಬಿಗಿಯಾಗುತ್ತದೆ. ಬೆಕಿ ಅಳದೇ ಇದ್ದಿದ್ದರೆ, ಟಾಮ್‌ಗೂ ಭಯ ಇಲ್ಲದಿದ್ದರೆ, ಆ ದಾರ ಸುಮ್ನೆ ಒಂದು ದಾರ, ಅಲ್ವಾ?

ಈಗ ನಮ್ಮ ಕಥೆಗೆ ಬರೋಣ. ನಿಮ್ಮ ಪತ್ರ ಬಂದ ಮೇಲೆ ಮತ್ತೆ ಓದಿದೆ. ಹುಡುಗ ಅಳುತ್ತಾನೆ, ಮಾವ ಟಾರ್ಚ್ ಹಿಡಿದು ಬರುತ್ತಾನೆ, ಮನೆಗೆ ಕರೆದೊಯ್ಯುತ್ತಾನೆ. ನಡುವೆ ಹುಡುಗ ಒಂದು ಕಡ್ಡಿಯನ್ನೂ ಎತ್ತಿಡುವುದಿಲ್ಲ. ಅಚ್ಚಿಗೆ ಕಳಿಸುವಾಗ ಇದು ನನ್ನ ಕಣ್ಣಿಗೆ ಬೀಳಲಿಲ್ಲ, ತಪ್ಪು ನನ್ನದೇ.

ನಿಮ್ಮ ಮಗ ಎದ್ದುಹೋದದ್ದು ಅಳುವ ಪುಟದಲ್ಲೋ, ಮಾವ ಬಂದ ಪುಟದಲ್ಲೋ? ಸ್ವಲ್ಪ ಕೇಳಿ ಬರೆಯಿರಿ. ಅದೇ ಲೇಖಕರ ಇನ್ನೊಂದು ಕಥೆ ನನ್ನ ಮೇಜಿನ ಮೇಲಿದೆ. ಅದರಲ್ಲೂ ಒಬ್ಬ ಮಾವ ಇದ್ದಾನೆ.

– ಸಂಪಾದಕ