ಕಮ್ಮಿ ಬಜೆಟ್‌ನಲ್ಲಿ ಫೋಟೋಗ್ರಫಿ ಕಲಿಯೋಕೆ ಯಾವ ಕ್ಯಾಮರಾ ತಗೊಳ್ಳೋದು?

ಹೊಸ ಪುಟ್ಟ ಕ್ಯಾಮರಾ ಬೇಡ ಮಾರಾಯ್ರೆ, ಅದೇ ದುಡ್ಡಿಗೆ ಎಪಿಎಸ್-ಸಿ ಅನ್ನುವ ಅಳತೆಯ ಸೆನ್ಸರ್ ಇರುವ ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮರಾ) ತಗೊಳ್ಳಿ, ಮೆಗಾಪಿಕ್ಸೆಲ್ 16 ಇದ್ರೂ ಧಾರಾಳ ಆಯ್ತು. ಸೆನ್ಸರ್ ಅಂದ್ರೆ ಮೊದಲು ಫಿಲ್ಮ್ ಇದ್ದ ಜಾಗದಲ್ಲಿ ಈಗ ಕೂತಿರುವ ಚಿಪ್, ಅಗ್ಗದ ಪುಟ್ಟ ಕ್ಯಾಮರಾದಲ್ಲಿ ಅದು ಸಾಧಾರಣ 6×4.5 ಮಿ.ಮೀ., ಎಪಿಎಸ್-ಸಿಯಲ್ಲಿ ಹೆಚ್ಚುಕಮ್ಮಿ 23×15, ಅಂದ್ರೆ 12 ಪಟ್ಟು ದೊಡ್ಡದು, ಅಷ್ಟೇ ಜಾಸ್ತಿ ಬೆಳಕು ಹಿಡೀತದೆ. ಮಲ್ಪೆ ಬೀಚಲ್ಲಿ ಮಟಮಟ ಮಧ್ಯಾಹ್ನ ಎರಡರಲ್ಲೂ ಫೋಟೋ ಚಂದವೇ ಬರ್ತದೆ, ಗುಟ್ಟು ರಟ್ಟಾಗೋದು ರಾತ್ರಿ ಯಕ್ಷಗಾನ ಬಯಲಾಟದಲ್ಲಿ, ವೇಷ ಹಾರಿ ಗಿರಗಿರ ತಿರುಗಿ ದಿಗಿಣ ಹೊಡೆಯುವಾಗ ಪುಟ್ಟ ಕ್ಯಾಮರಾದಲ್ಲಿ ಕಿರೀಟ, ಮುಖ ಎಲ್ಲ ಕಲಸಿ ಬಣ್ಣದ ಮುದ್ದೆ. ದುಡ್ಡು ಉಳಿದ್ರೆ 50 ಎಂಎಂ ಎಫ್ 1.8 ಲೆನ್ಸ್ ಹಾಕಿ, ಎಫ್ ನಂಬರ್ ಸಣ್ಣದಾದಷ್ಟೂ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ ದೊಡ್ಡದು, ಎಫ್ 5.6ಕ್ಕೆ ಹೋಲಿಸಿದ್ರೆ 9 ಪಟ್ಟಿಗಿಂತ ಜಾಸ್ತಿ ಬೆಳಕು ಒಳಗೆ ಬರ್ತದೆ.

ಹಳೇದು ತಗೊಳ್ಳುವಾಗ ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ಒಳಗೆ ಜೇಡರ ಬಲೆ ಥರ ಎಳೆ ಕಂಡ್ರೆ ಅದು ಫಂಗಸ್, ನಮ್ಮ ಮಂಗಳೂರು-ಉಡುಪಿ ಮಳೆಗಾಲದ ಹಸಿಗೆ ಇದು ಮಾಮೂಲಿ, ಅಂಥದ್ದು ಎಷ್ಟು ಚೀಪ್ ಸಿಕ್ಕಿದ್ರೂ ಬೇಡವೇ ಬೇಡ. ನಾನು ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕ್ಯಾಮರಾ ಇಡ್ತೇನೆ, ಅದೇ ನಮ್ಮ ಚಕ್ಕುಲಿ ಡಬ್ಬ!