ಫ್ರಿಜ್‌ನಲ್ಲಿ ಸೊಪ್ಪು ಹೆಪ್ಪುಗಟ್ಟುತ್ತಿದೆ: ಕೆಟ್ಟಿದ್ದು ಸೆನ್ಸರೋ, ಬೋರ್ಡೋ?

ಪ್ರಶ್ನೆ: ನಮ್ಮದು ಆರು ವರ್ಷ ಹಳೆಯ ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್. ಒಂದು ತಿಂಗಳಿಂದ ಕೆಳಗಿನ ಭಾಗದಲ್ಲಿಟ್ಟ ಕೊತ್ತಂಬರಿ ಸೊಪ್ಪು, ಟೊಮೆಟೊ, ಹಾಲಿನ ಪ್ಯಾಕೆಟ್ ಎಲ್ಲ ಗಟ್ಟಿಯಾಗುತ್ತಿವೆ. ಮೋಟರ್ ನಿಲ್ಲುವುದೇ ಇಲ್ಲ. ಕೂಲಿಂಗ್ ಕಡಿಮೆಗೆ ಇಟ್ಟರೂ ಅಷ್ಟೇ. ಡಿಸ್‌ಪ್ಲೇಯಲ್ಲಿ ಯಾವ ಎರರ್ ಕೂಡ ಇಲ್ಲ. ಬಂದ ಮೆಕ್ಯಾನಿಕ್ ‘ಸೆನ್ಸರ್ ಇಲ್ಲವೇ ಬೋರ್ಡ್ ಹೋಗಿದೆ, ಎರಡೂ ಬದಲಿಸಿಬಿಡೋಣ’ ಎಂದರು. ಸೆನ್ಸರೇ ಕೆಟ್ಟಿದೆ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?
– ಓದುಗರು, ಕುಂದಾಪುರ

ಉತ್ತರ: ಎರಡನ್ನೂ ಬದಲಿಸಲು ಈಗಲೇ ಒಪ್ಪಬೇಡಿ. ಒಳಗಿನ ಉಷ್ಣತೆ ಅಳೆಯುವ ಸೆನ್ಸರ್‌ಗೆ ಕೆಲವು ನೂರು ರೂಪಾಯಿ ಆದರೆ, ಅದನ್ನು ಓದಿ ಮೋಟರ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್‌ಗೆ ಸಾವಿರಗಳ ಲೆಕ್ಕ. ಸೆನ್ಸರ್ ಪರೀಕ್ಷಿಸಲು ಒಂದು ಲೋಟ ಐಸ್, ಒಂದು ಮಲ್ಟಿಮೀಟರ್ ಸಾಕು. ಅಷ್ಟನ್ನೂ ಮಾಡದೆ ಬೋರ್ಡ್ ಬದಲಿಸುವುದನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ನಿಮ್ಮ ಪತ್ರದಲ್ಲೇ ಒಂದು ಒಳ್ಳೆಯ ಸುಳಿವಿದೆ. ಮೋಟರ್ ನಿಲ್ಲುತ್ತಿಲ್ಲ, ಜೊತೆಗೆ ಒಳಗೆ ಅತಿಯಾಗಿ ತಣ್ಣಗಾಗುತ್ತಿದೆ. ಮೋಟರ್ ನಿಲ್ಲದೆ ಒಳಗೆ ಬೆಚ್ಚಗಿದ್ದರೆ ಗ್ಯಾಸ್ ಸೋರಿಕೆ, ಬಾಗಿಲಿನ ರಬ್ಬರ್, ಫ್ಯಾನ್, ಒಳಗೆ ಕಟ್ಟಿದ ಐಸ್ ಇವನ್ನು ಅನುಮಾನಿಸಬೇಕಿತ್ತು. ನಿಮ್ಮ ಫ್ರಿಜ್‌ಗೆ ತಣ್ಣಗೆ ಮಾಡುವ ಶಕ್ತಿ ಚೆನ್ನಾಗಿಯೇ ಇದೆ. ‘ಸಾಕು, ನಿಲ್ಲಿಸು’ ಎಂದು ಹೇಳುವ ವ್ಯವಸ್ಥೆ ಹಾಳಾಗಿದೆ. ಆದರೆ ಒಂದು ಮಾತು: ಇನ್ವರ್ಟರ್ ಕಂಪ್ರೆಸರ್ ಇರುವ ಫ್ರಿಜ್‌ಗಳು ಕಡಿಮೆ ವೇಗದಲ್ಲಿ ಗಂಟೆಗಟ್ಟಲೆ ಓಡುವುದು ಸಹಜ. ಹಾಗಾಗಿ ಬರೀ ಮೋಟರ್ ಸದ್ದು ಕೇಳಿ ತೀರ್ಮಾನಕ್ಕೆ ಬರಬೇಡಿ.

ಮೊದಲು ಒಳಗಿನ ಉಷ್ಣತೆ ಅಳೆಯಿರಿ. ನಡುವಿನ ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅಡುಗೆಯ ಡಿಜಿಟಲ್ ಥರ್ಮಾಮೀಟರ್ ಅದ್ದಿ ನೋಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಅದರ ಅಳತೆ ಶುರುವಾಗುವುದೇ 30 ಡಿಗ್ರಿ ದಾಟಿದ ಮೇಲೆ. ನೀರು 2ರಿಂದ 5 ಡಿಗ್ರಿ ಇದ್ದರೆ ಫ್ರಿಜ್ ಸರಿ ಇದೆ. ಆಗ ಸೊಪ್ಪು ಹೆಪ್ಪುಗಟ್ಟಲು ಕಾರಣ ಅದನ್ನು ತಣ್ಣನೆ ಗಾಳಿ ಬರುವ ಕಿಂಡಿಗೆ ಒತ್ತಿ ಇಟ್ಟಿದ್ದು, ಅಷ್ಟೇ. ನೀರಿನ ಮೇಲೆ ಐಸ್ ಕಟ್ಟಿದ್ದರೆ ಮುಂದಕ್ಕೆ ಹೋಗೋಣ.

ನಿಮ್ಮ ಫ್ರಿಜ್‌ನ ಸೆನ್ಸರ್ ಎಂದರೆ ಎನ್‌ಟಿಸಿ ಥರ್ಮಿಸ್ಟರ್. ಎರಡು ತೆಳು ವೈರ್‌ನ ತುದಿಯಲ್ಲಿ ಬೆರಳಿನ ಉಗುರಿಗಿಂತ ಸಣ್ಣ ಮಣಿ, ಮೇಲೆ ಪ್ಲಾಸ್ಟಿಕ್ ಅಥವಾ ಎಪಾಕ್ಸಿ ಹೊದಿಕೆ. ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ (ಕರೆಂಟ್‌ಗೆ ಒಡ್ಡುವ ತಡೆ, ಇದರ ಅಳತೆ ಓಮ್‌ನಲ್ಲಿ) ಏರುತ್ತದೆ, ಬೆಚ್ಚಗಾದಷ್ಟೂ ಇಳಿಯುತ್ತದೆ. ಬೋರ್ಡ್ ಅದನ್ನು ಓದಿಕೊಂಡು ಉಷ್ಣತೆ ಎಷ್ಟೆಂದು ಲೆಕ್ಕ ಹಾಕುತ್ತದೆ. ವೈರ್ ಪೂರ್ತಿ ತುಂಡಾದರೆ ಅಥವಾ ಶಾರ್ಟ್ ಆದರೆ ಬೋರ್ಡ್‌ಗೆ ಗೊತ್ತಾಗಿ ಎರರ್ ತೋರಿಸುತ್ತದೆ. ಆದರೆ ಸೆನ್ಸರ್ ಸ್ವಲ್ಪ ಸ್ವಲ್ಪವೇ ದಾರಿ ತಪ್ಪಿದರೆ? ಆ ಅಳತೆ ನಂಬುವಂತೆಯೇ ಇರುತ್ತದೆ, ಬೋರ್ಡ್ ನಂಬಿಬಿಡುತ್ತದೆ. ನಿಮ್ಮಲ್ಲಿ ಎರರ್ ಬಾರದಿರುವುದಕ್ಕೆ ಇದೇ ಕಾರಣ ಇರಬಹುದು.

ಸೆನ್ಸರ್ ಯಾವ ಕಡೆಗೆ ತಪ್ಪಿದೆ ಎಂಬುದೂ ಮುಖ್ಯ. ಮಣಿಯ ಹೊದಿಕೆ ಬಿರುಕು ಬಿಟ್ಟು ಒಳಗೆ ತೇವ ಸೇರಿದರೆ ಕರೆಂಟ್‌ಗೆ ಇನ್ನೊಂದು ದಾರಿ ಸಿಕ್ಕಂತಾಗಿ ರೆಸಿಸ್ಟೆನ್ಸ್ ಇಳಿಯುತ್ತದೆ. ಬೋರ್ಡ್ ‘ಒಳಗೆ ಇನ್ನೂ ಬೆಚ್ಚಗಿದೆ’ ಎಂದುಕೊಂಡು ಮೋಟರ್ ಓಡಿಸುತ್ತಲೇ ಇರುತ್ತದೆ, ಸೊಪ್ಪು ಹೆಪ್ಪುಗಟ್ಟುತ್ತದೆ. ಕನೆಕ್ಟರ್‌ನ ಪಿನ್‌ಗಳಲ್ಲಿ ಹಸಿರು ಕಿಲುಬು ಹಿಡಿದರೆ ಇದರ ಉಲ್ಟಾ: ರೆಸಿಸ್ಟೆನ್ಸ್ ಏರುತ್ತದೆ, ಬೋರ್ಡ್ ‘ಸಾಕಷ್ಟು ತಣ್ಣಗಾಯಿತು’ ಎಂದು ಬೇಗ ನಿಲ್ಲಿಸುತ್ತದೆ, ದೋಸೆ ಹಿಟ್ಟು ಒಂದೇ ದಿನಕ್ಕೆ ಹುಳಿಯಾಗುತ್ತದೆ. ನಿಮ್ಮ ಕರಾವಳಿಯ ಉಪ್ಪುಗಾಳಿಗೆ ಕಿಲುಬು ಜಾಸ್ತಿ. ಆದರೆ ನೀವು ಬರೆದ ಲಕ್ಷಣ ಮೊದಲನೆಯದಕ್ಕೇ ಹೊಂದುತ್ತದೆ.

ಈಗ ಪರೀಕ್ಷೆ. ಮೊದಲು ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಹಿಂದಿನ ಬೋರ್ಡ್‌ನ ಕವರ್ ಬಿಚ್ಚಬೇಡಿ. ಇನ್ವರ್ಟರ್ ಬೋರ್ಡ್‌ನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಆಸುಪಾಸಿನ ಚಾರ್ಜ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ನಮ್ಮ ಕೆಲಸವಿರುವುದು ಕೆಳಗಿನ ಭಾಗದ ಒಳಗೆ ಮಾತ್ರ. ಗೋಡೆಯಲ್ಲಿ ಸಣ್ಣ ಜಾಲರಿಯಂಥ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ, ಸೆನ್ಸರ್ ಸಾಮಾನ್ಯವಾಗಿ ಅದರ ಹಿಂದಿರುತ್ತದೆ. ಮುಚ್ಚಳ ತೆಗೆದು, ಕನೆಕ್ಟರ್ ಬಿಡಿಸಿ. ಕೆಲವು ಮಾಡೆಲ್‌ಗಳಲ್ಲಿ ಕನೆಕ್ಟರ್ ಕೈಗೆ ಸಿಗುವುದಿಲ್ಲ. ಆಗ ವೈರ್ ಕತ್ತರಿಸಲು ಹೋಗದೆ ಮೆಕ್ಯಾನಿಕ್ ಕೈಯಲ್ಲೇ ಈ ಪರೀಕ್ಷೆ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ.

ಲೋಟದಲ್ಲಿ ಪುಡಿ ಮಾಡಿದ ಐಸ್ ತುಂಬಿ, ಅದು ಮುಳುಗುವಷ್ಟು ಮಾತ್ರ ನೀರು ಹಾಕಿ ಚೆನ್ನಾಗಿ ಕಲಕಿ. ಐಸ್ ಉಳಿದಿರುವವರೆಗೆ ಆ ನೀರು 0 ಡಿಗ್ರಿಯಲ್ಲೇ ಇರುತ್ತದೆ. ಇಷ್ಟು ನಂಬಿಕೆಯ ಅಳತೆಗೋಲು ಬೇರೆ ಸಿಗುವುದಿಲ್ಲ. ಸೆನ್ಸರ್ ಮಣಿಯನ್ನು ಅದರಲ್ಲಿ ಐದು ನಿಮಿಷ ಮುಳುಗಿಸಿಡಿ. ಕನೆಕ್ಟರ್ ಒದ್ದೆಯಾಗಬಾರದು. ಮೀಟರ್ ಅನ್ನು 200 ಕಿಲೋ ಓಮ್‌ಗೆ ಇಟ್ಟು ಎರಡು ಪಿನ್‌ಗಳಿಗೆ ಹಿಡಿಯಿರಿ. ಪಿನ್‌ಗೆ ಬೆರಳು ತಾಗಿದರೆ ಅಳತೆ ತಪ್ಪುತ್ತದೆ.

ಫ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 25 ಡಿಗ್ರಿಯಲ್ಲಿ 5 ಅಥವಾ 10 ಕಿಲೋ ಓಮ್ ಇರುವ ಸೆನ್ಸರ್. ಐಸ್ ನೀರಿನಲ್ಲಿ 5ರದ್ದು 13ರಿಂದ 16 ಕಿಲೋ ಓಮ್, 10ರದ್ದು 27ರಿಂದ 33 ತೋರಿಸಬೇಕು. ನಿಮ್ಮದು ಯಾವುದು ಎಂದು ಸರ್ವಿಸ್ ಸೆಂಟರ್‌ಗೆ ಮಾಡೆಲ್ ನಂಬರ್ ಕೊಟ್ಟು ಮೊದಲೇ ಕೇಳಿ, ಬೇರೆ ಓಮ್‌ನವೂ ಇವೆ. 5ರ ಸೆನ್ಸರ್ ಐಸ್ ನೀರಿನಲ್ಲಿ ಬರೀ 8 ಕಿಲೋ ಓಮ್ ತೋರಿಸಿತು ಎಂದುಕೊಳ್ಳಿ. ಅಂದರೆ ಒಳಗೆ 0 ಡಿಗ್ರಿ ಇದ್ದಾಗಲೂ ಬೋರ್ಡ್‌ಗೆ ಸುಮಾರು 14 ಡಿಗ್ರಿ ಎಂದು ಸುದ್ದಿ ಹೋಗುತ್ತಿದೆ. ಮೋಟರ್ ನಿಲ್ಲಲು ಕಾರಣವೇ ಇಲ್ಲ, ಅಲ್ವಾ?

ಆಮೇಲೆ ಮಣಿಯನ್ನು ಒರೆಸಿ ಮುಷ್ಟಿಯಲ್ಲಿ ಹಿಡಿಯಿರಿ. ಅಂಕಿ ಒಂದೇ ಸಮನೆ ನಿಧಾನಕ್ಕೆ ಇಳಿಯಬೇಕು. ಹಾರಿ ಹಾರಿ ಓಡಿದರೆ, ವೈರ್ ಸ್ವಲ್ಪ ಅಲುಗಾಡಿಸಿದಾಗ ಬದಲಾದರೆ, ಐಸ್ ನೀರಿನಲ್ಲಿ ಸರಿ ಬಂದಿದ್ದರೂ ಆ ಸೆನ್ಸರ್ ಇಡಬೇಡಿ.

ಎರಡೂ ಪರೀಕ್ಷೆಯಲ್ಲಿ ಪಾಸಾಯಿತೇ? ಆಗಲೂ ಬೋರ್ಡ್ ಮೇಲೆ ಹೋಗಬೇಡಿ, ಮೊದಲು ಡ್ಯಾಂಪರ್ ನೋಡಿಸಿ. ಫ್ರೀಜರ್‌ನ ತಣ್ಣನೆ ಗಾಳಿಯನ್ನು ಕೆಳಕ್ಕೆ ಬಿಡುವ ಬಾಗಿಲು ಅದು. ತೆರೆದೇ ಸಿಕ್ಕಿಕೊಂಡರೆ ಕೆಳಗೆ ಇದೇ ರೀತಿ ಹೆಪ್ಪುಗಟ್ಟುತ್ತದೆ. ಸೆನ್ಸರ್, ಡ್ಯಾಂಪರ್, ನಡುವಿನ ವೈರ್ ಎಲ್ಲ ಸರಿ ಇದ್ದ ಮೇಲೆಯೇ ಬೋರ್ಡ್‌ನ ಸರದಿ.

ಹೊಸ ಸೆನ್ಸರ್ ಹಾಕಿಸುವಾಗ ಎರಡು ವಿಷಯ ಗಮನದಲ್ಲಿರಲಿ. 5 ಮತ್ತು 10 ಕಿಲೋ ಓಮ್‌ನವು ನೋಡಲು ಒಂದೇ ಥರ ಇರುತ್ತವೆ. 5ರ ಜಾಗಕ್ಕೆ 10ರದ್ದು ಹಾಕಿದರೆ ಬೋರ್ಡ್‌ಗೆ ಒಳಗಿನ ಉಷ್ಣತೆ ಸುಮಾರು 15 ಡಿಗ್ರಿ ಕಡಿಮೆ ಕಾಣುತ್ತದೆ, ಫ್ರಿಜ್ ತಣ್ಣಗಾಗುವುದೇ ಇಲ್ಲ. ಆಗ ‘ಹೊಸ ಸೆನ್ಸರ್ ಹಾಕಿದರೂ ಸರಿಯಾಗಲಿಲ್ಲ, ಬೋರ್ಡೇ ಹೋಗಿದೆ’ ಎಂಬ ಮಾತು ಬರುತ್ತದೆ. ಎರಡನೆಯದು, ವೈರ್ ಜೋಡಿಸಿದ ಜಾಗಕ್ಕೆ ಬರೀ ಇನ್ಸುಲೇಶನ್ ಟೇಪ್ ಸುತ್ತಲು ಬಿಡಬೇಡಿ. ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿಸಿ. ಬೆಸುಗೆ ಹಾಕುವ ಮೊದಲು ಬಾಗಿಲು, ಕಿಟಕಿ ತೆರೆದಿಟ್ಟು ಗಾಳಿಯಾಡಲು ಬಿಡಬೇಕು. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿರುವ ಆರ್600ಎ ಗ್ಯಾಸ್‌ಗೆ ಬೆಂಕಿ ಹತ್ತಿಕೊಳ್ಳುತ್ತದೆ. ಸೆನ್ಸರ್ ಬದಲು ಮಾಮೂಲಿ ರೆಸಿಸ್ಟರ್ ಹಾಕಿ ‘ನಡೆಯುತ್ತದೆ’ ಎಂದರೆ ಖಂಡಿತ ಒಪ್ಪಬೇಡಿ. ಒಳಗೆ ಏನೇ ಆದರೂ ಬೋರ್ಡ್‌ಗೆ ಒಂದೇ ಉಷ್ಣತೆ ಕಾಣುತ್ತಿರುತ್ತದೆ.

ಪ್ರಶ್ನೆ: ನಮ್ಮಲ್ಲಿ ಮೇಲೆ ಐಸ್‌ಕ್ರೀಮ್ ಗಟ್ಟಿ ಇದೆ, ಕೆಳಗೆ ಹಾಲು ಒಡೆಯುತ್ತಿದೆ. ಇದೂ ಸೆನ್ಸರ್ ತೊಂದರೆಯೇ?
– ಓದುಗರು, ತುಮಕೂರು

ಉತ್ತರ: ಇರಬಹುದು, ಆದರೆ ಬೇರೆ ಸೆನ್ಸರ್. ಫ್ರೀಜರ್‌ನ ಹಿಂದೆ ತಣ್ಣಗೆ ಮಾಡುವ ಕಾಯಿಲ್ ಇರುತ್ತದೆ, ಅದರ ಮೇಲೆ ಕಟ್ಟುವ ಐಸ್ ಅನ್ನು ಒಂದು ಹೀಟರ್ ಆಗಾಗ ಕರಗಿಸುತ್ತದೆ. ಇದೇ ಡಿಫ್ರಾಸ್ಟ್. ಇದಕ್ಕಾಗಿ ಕಾಯಿಲ್ ಮೇಲೆ ಡಿಫ್ರಾಸ್ಟ್ ಸೆನ್ಸರ್ ಇರುತ್ತದೆ. ಅದು ಅಥವಾ ಹೀಟರ್ ಕೈಕೊಟ್ಟರೆ ಕಾಯಿಲ್ ಮೇಲೆ ಐಸ್ ಗೋಡೆಯಂತೆ ಕಟ್ಟಿ ಗಾಳಿ ಕೆಳಕ್ಕೆ ಬರುವುದಿಲ್ಲ. ಸಾಮಾನೆಲ್ಲ ತೆಗೆದು, ಪ್ಲಗ್ ಕಿತ್ತು, ಬಾಗಿಲು ತೆರೆದು 24 ಗಂಟೆ ಬಿಡಿ. ಮತ್ತೆ ಹಾಕಿದಾಗ ಕೆಲವು ದಿನ ಚೆನ್ನಾಗಿ ನಡೆದು ಆಮೇಲೆ ಅದೇ ಕಥೆಯಾದರೆ ತೊಂದರೆ ಡಿಫ್ರಾಸ್ಟ್‌ನಲ್ಲಿದೆ. ಸುಮ್ನೆ ಗ್ಯಾಸ್ ತುಂಬಿಸಬೇಡಿ. ಚಾಕುವಿನಿಂದ ಐಸ್ ಕೆರೆಯಲೂ ಬೇಡಿ, ಕಾಯಿಲ್‌ಗೆ ತೂತು ಬಿದ್ದರೆ ಗ್ಯಾಸ್ ಹೊರಬರುತ್ತದೆ.

ಪ್ರಶ್ನೆ: ಸಿಂಗಲ್ ಡೋರ್ ಹಳೆಯ ಫ್ರಿಜ್‌ಗೂ ಈ ಐಸ್ ನೀರಿನ ಪರೀಕ್ಷೆ ಮಾಡಬಹುದೇ?
– ಓದುಗರು, ಹಾಸನ

ಉತ್ತರ: ತಿರುಗಿಸುವ ಗುಂಡಿ ಇರುವ ಡೈರೆಕ್ಟ್ ಕೂಲ್ ಫ್ರಿಜ್‌ನಲ್ಲಿ ಸಾಮಾನ್ಯವಾಗಿ ಥರ್ಮಿಸ್ಟರ್ ಇರುವುದಿಲ್ಲ. ಅಲ್ಲಿರುವುದು ಗ್ಯಾಸ್ ತುಂಬಿದ ತೆಳು ಟ್ಯೂಬ್‌ನ ಥರ್ಮೋಸ್ಟಾಟ್. ಆ ಟ್ಯೂಬ್ ಮುರಿದು ಗ್ಯಾಸ್ ಹೋದರೆ ಮೋಟರ್ ಶುರುವಾಗುವುದೇ ಇಲ್ಲ. ಟ್ಯೂಬ್‌ನ ತುದಿ ಫ್ರೀಜರ್ ತಗಡಿನಿಂದ ಬಿಟ್ಟುಕೊಂಡರೆ ಮೋಟರ್ ನಿಲ್ಲುವುದಿಲ್ಲ. ಇದನ್ನು ಕಣ್ಣಲ್ಲೇ ನೋಡಬಹುದು: ಟ್ಯೂಬ್‌ನ ತುದಿ ಕ್ಲಿಪ್‌ನಲ್ಲಿ ತಗಡಿಗೆ ಬಿಗಿಯಾಗಿ ಅಂಟಿದೆಯೇ ಎಂದು ಮೊದಲು ನೋಡಿ, ಹೊಸ ಥರ್ಮೋಸ್ಟಾಟ್ ತರುವುದು ಆಮೇಲೆ.